ದಿನಸಿ ಅಂಗಡಿಯ ಹಣ, ಹಿರಿಯರ ಆರೈಕೆಯ ವಿದ್ಯೆ

ನಮ್ಮ ಸದಸ್ಯ ಬಾಂಧವರ ಅಂಗಡಿಗಳಲ್ಲಿ ಒಂದು ದೃಶ್ಯ ಎಲ್ಲರಿಗೂ ಪರಿಚಿತವಾದುದು. ಗಲ್ಲಾಪೆಟ್ಟಿಗೆಯ ಮುಂದೆ ಮಗ ಕುಳಿತಿರುತ್ತಾನೆ. ಒಳಗಿನ ಗಾದಿಯ ಮೇಲೆ ಎಪ್ಪತ್ತು ದಾಟಿದ ತಂದೆ ಇಂದಿಗೂ ಉದರಿ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿರುತ್ತಾರೆ. ಅವರ ಕೈಚೀಲದಲ್ಲಿ ಮೂವರು ವೈದ್ಯರು ಬರೆದುಕೊಟ್ಟ ಎಂಟೊಂಬತ್ತು ಬಗೆಯ ಗುಳಿಗೆಗಳು. ರಕ್ತದೊತ್ತಡಕ್ಕೆ ಒಬ್ಬರು, ಸಕ್ಕರೆ ಕಾಯಿಲೆಗೆ ಒಬ್ಬರು, ಮಂಡಿನೋವಿಗೆ ಮತ್ತೊಬ್ಬರು. ಇವೆಲ್ಲವನ್ನೂ ಒಮ್ಮೆ ಮೇಜಿನ ಮೇಲೆ ಹರಡಿ, ‘ಇವುಗಳಲ್ಲಿ ಯಾವುದು ಇನ್ನು ಬೇಡ?’ ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಖರೀದಿ ನಡೆಯುತ್ತಲೇ ಇದೆ. ದಾಸ್ತಾನಿನ ತಪಾಸಣೆ ನಡೆಯುತ್ತಿಲ್ಲ.

ಈ ತಪಾಸಣೆಯನ್ನೇ ವೃತ್ತಿಯನ್ನಾಗಿ ಕಲಿಸುವ ಸ್ನಾತಕೋತ್ತರ ಶಿಕ್ಷಣವೊಂದು ಅಮೆರಿಕದಲ್ಲಿ ಬೆಳೆದು ನಿಂತಿದೆ. ವಯಸ್ಕರ ಹಾಗೂ ವೃದ್ಧರ ಪ್ರಾಥಮಿಕ ಆರೋಗ್ಯ ಸೇವೆಗೆಂದೇ ತರಬೇತಿ ಪಡೆದ ಈ ಶುಶ್ರೂಷಕರನ್ನು ಅಲ್ಲಿ ‘ನರ್ಸ್ ಪ್ರಾಕ್ಟೀಷನರ್’ ಎಂದು ಕರೆಯುತ್ತಾರೆ. ವಾಣಿಜ್ಯ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಈ ಶಿಕ್ಷಣದ ಬೆನ್ನಿಗೆ ನಿಂತ ಹಣದಲ್ಲಿ ದೊಡ್ಡ ಪಾಲು ಒಂದು ದಿನಸಿ ವ್ಯಾಪಾರದ ಗಳಿಕೆಯಿಂದ ಬಂದದ್ದು ಎಂಬುದು ಮೊದಲ ಕಾರಣ. ಅಲ್ಲಿಯ ಅನುಭವದಿಂದ ನಾವು ಕಲಿಯಬಹುದಾದ ಲೆಕ್ಕಾಚಾರವಿದೆ ಎಂಬುದು ಎರಡನೆಯದು.

ಆರಂಭ ಮತ್ತು ಬೆಳವಣಿಗೆ

1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಹಾಗೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞರು ಸೇರಿ ಮೊದಲ ತರಬೇತಿಯನ್ನು ಆರಂಭಿಸಿದರು. ವೈದ್ಯರಿಲ್ಲದ ಊರುಗಳ ಮಕ್ಕಳ ಆರೋಗ್ಯವನ್ನು ಅನುಭವಿ ನರ್ಸ್‌ಗಳೇ ನೋಡಿಕೊಳ್ಳಬಲ್ಲರು ಎಂಬುದು ಅವರ ವಿಶ್ವಾಸವಾಗಿತ್ತು. ಅದೇ ವರ್ಷ ವೃದ್ಧರಿಗಾಗಿ ‘ಮೆಡಿಕೇರ್’ ಎಂಬ ಸರ್ಕಾರಿ ವಿಮಾ ಯೋಜನೆಯೂ ಕಾಯ್ದೆಯ ರೂಪ ಪಡೆಯಿತು. ಚಿಕಿತ್ಸೆಗೆ ಹಣ ದೊರೆಯುವಂತಾದಾಗ, ಚಿಕಿತ್ಸೆ ನೀಡುವ ಕೈಗಳ ಕೊರತೆ ಎದ್ದು ಕಾಣತೊಡಗಿತು. ಫೋರ್ಡ್ ಅವರು 2025ರಲ್ಲಿ ತಮ್ಮ 104ನೆಯ ವಯಸ್ಸಿನಲ್ಲಿ ನಿಧನರಾದಾಗ, ಅವರು ನೆಟ್ಟ ಸಸಿ ಸುಮಾರು 4 ಲಕ್ಷ ಜನರ ವೃತ್ತಿಯಾಗಿ ಬೆಳೆದಿತ್ತು.

2008ರಲ್ಲಿ ಈ ವೃತ್ತಿಯ ಸಂಘಟನೆಗಳು ಒಂದು ಮಹತ್ವದ ಒಪ್ಪಂದಕ್ಕೆ ಬಂದವು. ಅಲ್ಲಿಯವರೆಗೆ ವಯಸ್ಕರಿಗೆ ಬೇರೆ, ವೃದ್ಧರಿಗೆ ಬೇರೆ ಎಂದಿದ್ದ ಶಾಖೆಗಳನ್ನು ಒಂದುಗೂಡಿಸಲಾಯಿತು. ವೃದ್ಧರ ಆರೈಕೆಯನ್ನು ಪ್ರತ್ಯೇಕ ವಿಷಯವಾಗಿ ಆರಿಸಿಕೊಳ್ಳುವವರು ಕಡಿಮೆ. ಆದರೆ ವಯಸ್ಕರ ಚಿಕಿತ್ಸಾಲಯಕ್ಕೆ ಬರುವವರಲ್ಲಿ ವೃದ್ಧರೂ ಬಹಳ ಮಂದಿ. ಆದ್ದರಿಂದ ವಯಸ್ಕರನ್ನು ನೋಡುವ ಪ್ರತಿಯೊಬ್ಬರೂ ವೃದ್ಧಾಪ್ಯದ ವಿದ್ಯೆಯನ್ನು ಕಲಿತಿರಲೇಬೇಕು ಎಂಬ ನಿಯಮವಾಯಿತು.

ಏನನ್ನು ಕಲಿಸುತ್ತಾರೆ?

ಈ ಶಿಕ್ಷಣಕ್ಕೆ ಸೇರಬಯಸುವವರು ಸಾಮಾನ್ಯವಾಗಿ ನರ್ಸಿಂಗ್ ಪದವಿ ಪಡೆದು, ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನೋಂದಾಯಿತ ನರ್ಸ್‌ಗಳು. ಸ್ನಾತಕೋತ್ತರ ಪದವಿಗೆ ಎರಡರಿಂದ ಮೂರು ವರ್ಷ, ಡಾಕ್ಟರೇಟ್ ಮಟ್ಟದ ವೃತ್ತಿಪರ ಪದವಿಗೆ ಇನ್ನೂ ಹೆಚ್ಚು ಕಾಲ ಬೇಕು. ರೋಗಗಳು ದೇಹದಲ್ಲಿ ಉಂಟುಮಾಡುವ ಬದಲಾವಣೆಗಳು, ಔಷಧ ಶಾಸ್ತ್ರ ಮತ್ತು ದೇಹ ಪರೀಕ್ಷೆ ಎಂಬ ಮೂರು ವಿಷಯಗಳು ಅಡಿಪಾಯ. ಇವುಗಳೊಂದಿಗೆ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೇರವಾಗಿ ನೋಡಿದ ಗಂಟೆಗಳ ಲೆಕ್ಕವನ್ನೂ ಒಪ್ಪಿಸಬೇಕು. ಮೊದಲು 500 ಗಂಟೆಗಳಿದ್ದ ಕನಿಷ್ಠ ಮಿತಿಯನ್ನು 2022ರ ಮಾನದಂಡವು 750 ಗಂಟೆಗಳಿಗೆ ಏರಿಸಿತು. ಬಳಿಕ ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆ. ಪ್ರತಿ ಐದು ವರ್ಷಕ್ಕೊಮ್ಮೆ ಅದರ ನವೀಕರಣ.

ವೃದ್ಧರ ವಿಷಯದಲ್ಲಿ ಈ ತರಬೇತಿಯ ಸಾರವನ್ನು ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದು. ಈ ಹಿರಿಯರಿಗೆ ಬದುಕಿನಲ್ಲಿ ಮುಖ್ಯವಾದದ್ದು ಯಾವುದು? ಅವರು ಸೇವಿಸುತ್ತಿರುವ ಔಷಧಗಳೆಲ್ಲ ಅಗತ್ಯವೇ? ನೆನಪು ಮತ್ತು ಮನಸ್ಸು ಹೇಗಿವೆ? ನಡಿಗೆ ಭದ್ರವಾಗಿದೆಯೇ?

ಪರೀಕ್ಷೆಗಳೂ ಸರಳವಾದವು. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಎದ್ದು ಮೂರು ಮೀಟರ್ ದೂರ ನಡೆದು, ತಿರುಗಿ ಬಂದು ಕುಳಿತುಕೊಳ್ಳುವಂತೆ ಹೇಳುತ್ತಾರೆ. ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಚ್ಚರಗೊಳ್ಳುತ್ತಾರೆ. ಮಲಗಿದ್ದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡವನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ, ರಾತ್ರಿ ಬಚ್ಚಲಿಗೆ ಹೋಗುವಾಗ ತಲೆಸುತ್ತಿ ಬೀಳುವುದರ ಕಾರಣ ಅಲ್ಲಿಯೇ ಇರಬಹುದು. ವೃದ್ಧರಿಗೆ ಹಾನಿಕರವಾಗಬಲ್ಲ ಔಷಧಗಳ ಪಟ್ಟಿಯೊಂದನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಹಾಗೂ ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತಿದೆ. ನಿದ್ರೆಗೆಂದು ನುಂಗುವ ಕೆಲವು ಗುಳಿಗೆಗಳು, ನೆಗಡಿಗೆ ಅಂಗಡಿಯಿಂದ ತರುವ ಕೆಲವು ಹಳೆಯ ಬಗೆಯ ಔಷಧಗಳು ಆ ಪಟ್ಟಿಯಲ್ಲಿವೆ.

ದಿನಸಿ ವ್ಯಾಪಾರಿಗಳ ಕೊಡುಗೆ

‘ಗ್ರೇಟ್ ಅಟ್ಲಾಂಟಿಕ್ ಆ್ಯಂಡ್ ಪೆಸಿಫಿಕ್ ಟೀ ಕಂಪನಿ’ ನ್ಯೂಯಾರ್ಕ್‌ನಲ್ಲಿ ಚಹಾ ಮಾರುತ್ತಾ ಬೆಳೆದ ಸಂಸ್ಥೆ. ಹಾರ್ಟ್‌ಫೋರ್ಡ್ ಮನೆತನದ ತಂದೆ ಮತ್ತು ಮಕ್ಕಳು ಅದನ್ನು ಕಡಿಮೆ ಲಾಭ, ಹೆಚ್ಚು ಮಾರಾಟ ಎಂಬ ಸೂತ್ರದಿಂದ ಮುನ್ನಡೆಸಿದರು. 1930ರ ವೇಳೆಗೆ ಅದಕ್ಕೆ 15 ಸಾವಿರಕ್ಕೂ ಹೆಚ್ಚು ಮಳಿಗೆಗಳಿದ್ದವು. ಸಹೋದರರಲ್ಲಿ ಕಿರಿಯರಾದ ಜಾನ್ ಹಾರ್ಟ್‌ಫೋರ್ಡ್ 1929ರಲ್ಲಿ ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅವರು 1951ರಲ್ಲಿ, ಅಣ್ಣ ಜಾರ್ಜ್ 1957ರಲ್ಲಿ ತೀರಿಕೊಂಡಾಗ ಅವರ ಸಂಪತ್ತಿನ ಬಹುಭಾಗ ಈ ಪ್ರತಿಷ್ಠಾನಕ್ಕೆ ಸೇರಿತು.

1980ರ ದಶಕದಿಂದ ಪ್ರತಿಷ್ಠಾನವು ವೃದ್ಧರ ಆರೋಗ್ಯವನ್ನು ತನ್ನ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿತು. ಹಣವನ್ನು ಕಟ್ಟಡಗಳಿಗಿಂತ ಹೆಚ್ಚಾಗಿ ಶಿಕ್ಷಣಕ್ಕೆ ತೊಡಗಿಸಿದ್ದು ಅದರ ವಿಶೇಷ. 1996ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ವೃದ್ಧರ ಶುಶ್ರೂಷೆಗೆ ಮೀಸಲಾದ ಸಂಸ್ಥೆಯೊಂದು ಅದರ ನೆರವಿನಿಂದ ತಲೆಯೆತ್ತಿತು. ವಯಸ್ಕರ ಮತ್ತು ವೃದ್ಧರ ನರ್ಸ್ ಪ್ರಾಕ್ಟೀಷನರ್‌ಗಳು ಏನೇನನ್ನು ಬಲ್ಲವರಾಗಿರಬೇಕು ಎಂದು 2010ರಲ್ಲಿ ಸಿದ್ಧವಾದ ಪಟ್ಟಿಯ ಹಿಂದೆಯೂ ಇದೇ ಹಣವಿತ್ತು. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳ ಕ್ರಮವೂ 2017ರಲ್ಲಿ ಈ ಪ್ರತಿಷ್ಠಾನದ ಆಶ್ರಯದಲ್ಲಿ ಆರಂಭವಾದ ಆಂದೋಲನದಿಂದಲೇ ಪ್ರಚಾರಕ್ಕೆ ಬಂದಿತು.

ಆ ಕಂಪನಿಯು 2015ರಲ್ಲಿ ದಿವಾಳಿಯಾಗಿ ಬಾಗಿಲು ಮುಚ್ಚಿತು. ಮಳಿಗೆಗಳು ಉಳಿಯಲಿಲ್ಲ, ಅವುಗಳ ಗಳಿಕೆಯಿಂದ ಕಲಿತ ಕೈಗಳು ಇಂದಿಗೂ ದುಡಿಯುತ್ತಿವೆ. ರೈಲಿಳಿದು ಬರುವ ಪ್ರಯಾಣಿಕರಿಗಾಗಿ ಬೆಂಗಳೂರಿನಲ್ಲಿ ಛತ್ರ ಕಟ್ಟಿಸಿದ ವರ್ತಕ ಗುಬ್ಬಿ ತೋಟದಪ್ಪನವರನ್ನು ಬಲ್ಲ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾಭ-ನಷ್ಟದ ಪಾಠ

ತರಬೇತಿ ಎಷ್ಟೇ ಉತ್ತಮವಾಗಿದ್ದರೂ ಸೇವೆಗೆ ಬೆಲೆ ಕೊಡುವವರಿಲ್ಲದಿದ್ದರೆ ಅದು ನಿಲ್ಲದು. 1997ರ ಕಾಯ್ದೆಯೊಂದು ಅಮೆರಿಕದ ಎಲ್ಲ ಪ್ರದೇಶಗಳಲ್ಲೂ ನರ್ಸ್ ಪ್ರಾಕ್ಟೀಷನರ್‌ಗಳು ಮೆಡಿಕೇರ್‌ಗೆ ನೇರವಾಗಿ ಬಿಲ್ ಸಲ್ಲಿಸಲು ಅವಕಾಶ ನೀಡಿತು. ವೈದ್ಯರಿಗೆ 100 ಡಾಲರ್ ನಿಗದಿಯಾದ ಸೇವೆಗೆ ಇವರಿಗೆ ದೊರೆಯುವುದು 85 ಡಾಲರ್. ಈ ಒಂದು ನಿಯಮದಿಂದ ವೃತ್ತಿಯ ಆರ್ಥಿಕ ನೆಲೆ ಗಟ್ಟಿಯಾಯಿತು.

ಗುಣಮಟ್ಟದ ಪ್ರಶ್ನೆಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ನೀಡಿತು. ನ್ಯೂಯಾರ್ಕ್‌ನ 1,316 ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರನ್ನು ವೈದ್ಯರ ಬಳಿಗೆ, ಕೆಲವರನ್ನು ನರ್ಸ್ ಪ್ರಾಕ್ಟೀಷನರ್‌ಗಳ ಬಳಿಗೆ ಕಳುಹಿಸಲಾಗಿತ್ತು. ಆರು ತಿಂಗಳ ಬಳಿಕ ಎರಡೂ ಗುಂಪುಗಳ ಆರೋಗ್ಯ ಸ್ಥಿತಿ ಸರಿಸುಮಾರು ಒಂದೇ ಆಗಿತ್ತು.

ಚಿಲ್ಲರೆ ವ್ಯಾಪಾರಿಗಳೂ ಇದರಲ್ಲಿ ಅವಕಾಶವನ್ನು ಕಂಡರು. 2000ದಲ್ಲಿ ಮಿನಿಯಾಪೊಲಿಸ್ ಪ್ರದೇಶದ ಅಂಗಡಿಗಳೊಳಗೆ ನರ್ಸ್ ಪ್ರಾಕ್ಟೀಷನರ್‌ಗಳ ಪುಟ್ಟ ಚಿಕಿತ್ಸಾಲಯಗಳು ಆರಂಭವಾದವು. ‘ಮಿನಿಟ್‌ಕ್ಲಿನಿಕ್’ ಎಂದು ಹೆಸರಾದ ಆ ಸಂಸ್ಥೆಯನ್ನು 2006ರಲ್ಲಿ ಸಿವಿಎಸ್ ಎಂಬ ಔಷಧ ಮಳಿಗೆಗಳ ಕಂಪನಿ ಖರೀದಿಸಿತು. ಆದರೆ ಎಲ್ಲರಿಗೂ ಇದು ಕೈಹಿಡಿಯಲಿಲ್ಲ. 2019ರಲ್ಲಿ ಆರೋಗ್ಯ ಕೇಂದ್ರಗಳನ್ನು ತೆರೆಯಲಾರಂಭಿಸಿದ ವಾಲ್‌ಮಾರ್ಟ್, 2024ರಲ್ಲಿ ತನ್ನ 51 ಕೇಂದ್ರಗಳನ್ನೂ ಮುಚ್ಚುವುದಾಗಿ ಘೋಷಿಸಿತು. ವಿಮೆಯಿಂದ ಮರಳುವ ಹಣ ಸಾಲದು, ನಿರ್ವಹಣಾ ವೆಚ್ಚ ಏರುತ್ತಿದೆ ಎಂಬುದು ಅದು ನೀಡಿದ ಕಾರಣ. ಹಿರಿಯರ ಆರೈಕೆಗೆ ಸಮಯವೇ ಬಂಡವಾಳ. ಸರಕಿನಂತೆ ಬೇಗ ಬೇಗ ಉರುಳಿಸಲು ಬರುವುದಿಲ್ಲ.

ಆಕ್ಷೇಪಗಳೂ ಇವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇವರು ಕೆಲಸ ಮಾಡುವುದನ್ನು ಅಮೆರಿಕದ ವೈದ್ಯಕೀಯ ಸಂಘ ವಿರೋಧಿಸುತ್ತಲೇ ಬಂದಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಸ್ವತಂತ್ರವಾಗಿ ಔಷಧ ಬರೆಯಲು ಅನುಮತಿಸಿವೆ. ಟೆಕ್ಸಾಸ್‌ನಂತಹ ರಾಜ್ಯಗಳು ವೈದ್ಯರೊಂದಿಗೆ ಒಪ್ಪಂದವಿರಲೇಬೇಕೆನ್ನುತ್ತವೆ. ತರಬೇತಿ ಗಂಟೆಗಳಿಗೆ ಮಾರ್ಗದರ್ಶಕರನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕಾದ, ಕೆಲವೊಮ್ಮೆ ಕೈಯಿಂದ ಹಣ ತೆರಬೇಕಾದ ಪರಿಸ್ಥಿತಿಯೂ ಇದೆ.

ನಮ್ಮಲ್ಲಿ ಎಲ್ಲಿಗೆ ಬಂದಿದೆ?

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಆ ಸಂಖ್ಯೆ ಅಂದಿನಿಂದ ಬೆಳೆಯುತ್ತಲೇ ಇದೆ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಪಠ್ಯಕ್ರಮ 2016ರಲ್ಲಿ ಆರಂಭವಾಯಿತು. ಆದರೆ ಅದು ತೀವ್ರ ನಿಗಾ ಘಟಕಕ್ಕೆ ಸಂಬಂಧಿಸಿದ್ದು. 2018ರಿಂದ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದಿದ್ದಾರೆ. ಅವರಲ್ಲಿ ಅನೇಕರು ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದ ನರ್ಸ್‌ಗಳು. ವೃದ್ಧರ ಶುಶ್ರೂಷೆಯಲ್ಲಿ ಒಂದು ವರ್ಷದ ವಿಶೇಷ ತರಬೇತಿಯನ್ನೂ ಪರಿಷತ್ತು ರೂಪಿಸಿದೆ. ಅಮೆರಿಕದಂತೆ ವಯಸ್ಕರ ಮತ್ತು ವೃದ್ಧರ ಪ್ರಾಥಮಿಕ ಸೇವೆಗೆಂದೇ ಸಿದ್ಧವಾದ ಸ್ನಾತಕೋತ್ತರ ವೃತ್ತಿ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ವಿಮೆಯನ್ನು ವಿಸ್ತರಿಸುವ ತೀರ್ಮಾನವನ್ನು ಕೇಂದ್ರ ಸರ್ಕಾರ 2024ರಲ್ಲಿ ಕೈಗೊಂಡಿತು. ಅದು ಸ್ವಾಗತಾರ್ಹ. ಆದರೆ ಆ ವಿಮೆ ಆಸ್ಪತ್ರೆಗೆ ದಾಖಲಾದವರ ಖರ್ಚಿಗೆ ಸಂಬಂಧಿಸಿದ್ದು. ಸೊಂಟದ ಮೂಳೆ ಮುರಿದ ಮೇಲೆ ಹಣ ಬರುತ್ತದೆ. ಮುರಿಯದಂತೆ ನೋಡಿಕೊಳ್ಳುವ ಕೈಗಳು ಎಲ್ಲಿವೆ ಎಂಬುದೇ ಪ್ರಶ್ನೆ.

ನಾವು ಮಾಡಬಹುದಾದುದು

ಸದಸ್ಯರು ಇಂದೇ ಗಮನಿಸಬಹುದಾದ ಕೆಲವು ಅಂಶಗಳಿವೆ.

ಮೊದಲನೆಯದಾಗಿ, ಮನೆಯ ಹಿರಿಯರು ಸೇವಿಸುವ ಎಲ್ಲ ಔಷಧಗಳ ಒಂದೇ ಪಟ್ಟಿಯನ್ನು ಬರೆದಿಟ್ಟು, ಪ್ರತಿ ಬಾರಿ ವೈದ್ಯರಿಗೆ ತೋರಿಸಿರಿ. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು. ಆದರೆ ಕೇಳಲು ಹಿಂಜರಿಯಲೂಬಾರದು.

ಎರಡನೆಯದಾಗಿ, ಮನೆಗೆ ನರ್ಸ್ ಒದಗಿಸುವ ಏಜೆನ್ಸಿಯೊಂದಿಗೆ ಕರಾರು ಮಾಡುವಾಗ, ಬರುವವರು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದವರೇ ಅಥವಾ ಕೇವಲ ಸಹಾಯಕರೇ ಎಂದು ವಿಚಾರಿಸಿರಿ. ಸಹಾಯಕರ ಸೇವೆಯೂ ಗೌರವದ್ದೇ. ಆದರೆ ಎರಡಕ್ಕೂ ಒಂದೇ ಹೆಸರು, ಒಂದೇ ದರ ಸಲ್ಲದು. ಸರಕಿನ ದರ್ಜೆ ನೋಡದೆ ಖರೀದಿಸುವ ವರ್ತಕ ನಮ್ಮಲ್ಲಿ ಯಾರಿದ್ದಾರೆ?

ಮೂರನೆಯದಾಗಿ, ಈ ಶಿಕ್ಷಣಕ್ಕೆಂದು ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸುವ ಆಲೋಚನೆಯಿದ್ದರೆ, ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಮಾನ್ಯತೆ, ಮಾರ್ಗದರ್ಶಕರನ್ನು ಒದಗಿಸುವ ಹೊಣೆ ಯಾರದು, ಆ ರಾಜ್ಯದ ಕಾನೂನು ಏನು ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ. ಇಲ್ಲಿಯ ನರ್ಸಿಂಗ್ ಪದವಿ ಅಲ್ಲಿಯ ಪರವಾನಗಿಯಾಗಿ ತಾನಾಗಿಯೇ ಬದಲಾಗುವುದಿಲ್ಲ.

ಕೊನೆಯದಾಗಿ ಒಂದು ಸಲಹೆ. ವಾರ್ಷಿಕೋತ್ಸವದಂದು ಉಚಿತ ರಕ್ತದೊತ್ತಡ ತಪಾಸಣಾ ಶಿಬಿರ ನಡೆಸುವುದು ಅನೇಕ ವ್ಯಾಪಾರಿ ಸಂಘಗಳ ವಾಡಿಕೆ. ಶಿಬಿರ ಮುಗಿದ ಮರುದಿನ ಆ ಅಂಕಿಗಳನ್ನು ನೋಡುವವರಿರುವುದಿಲ್ಲ. ಅದರ ಬದಲು, ಒಂದು ಬಜಾರಿನ ಅಥವಾ ಒಂದು ಕೈಗಾರಿಕಾ ವಸಾಹತಿನ ಸದಸ್ಯರು ಒಟ್ಟುಗೂಡಿ, ನೋಂದಾಯಿತ ನರ್ಸ್ ಒಬ್ಬರ ವೃದ್ಧ ಶುಶ್ರೂಷೆಯ ಒಂದು ವರ್ಷದ ತರಬೇತಿಗೆ ವಿದ್ಯಾರ್ಥಿವೇತನ ನೀಡಬಹುದು. ತರಬೇತಿಯ ಬಳಿಕ ಅವರು ವಾರಕ್ಕೆರಡು ದಿನ, ಒಬ್ಬ ವೈದ್ಯರ ಮೇಲ್ವಿಚಾರಣೆಯಲ್ಲಿ, ಸದಸ್ಯರ ಮತ್ತು ನೌಕರರ ಮನೆಯ ಹಿರಿಯರನ್ನು ನೋಡುವಂತೆ ಸಂಬಳದ ಒಪ್ಪಂದ ಮಾಡಿಕೊಳ್ಳಬಹುದು. ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ನಮ್ಮಲ್ಲಿ ಹೆಚ್ಚಿನವರಿಗೆ ಅನ್ವಯಿಸದು. ಆದರೆ ಹಾರ್ಟ್‌ಫೋರ್ಡ್ ಸಹೋದರರನ್ನೂ ಅಂತಹ ಯಾವ ಕಾಯ್ದೆಯೂ ಒತ್ತಾಯಿಸಿರಲಿಲ್ಲ.

ಅಂಗಡಿಯನ್ನು ಕಟ್ಟಿದ ಹಿರಿಯರು ಒಳಗಿನ ಗಾದಿಯ ಮೇಲೆ ಇನ್ನೂ ಕುಳಿತಿದ್ದಾರೆ. ಅವರ ಗುಳಿಗೆಗಳ ಚೀಲವನ್ನು ಬಿಚ್ಚಿ ನೋಡುವ ಒಬ್ಬರನ್ನು ಸಿದ್ಧಗೊಳಿಸುವುದು ನಮ್ಮ ಶಕ್ತಿಗೆ ಮೀರಿದ್ದೇನಲ್ಲ.