ಚದುರುವ ಮನಸ್ಸು ಮತ್ತು ಪಾಲನಾ ಸೇವೆ: ವಯಸ್ಕರಲ್ಲಿ ಗಮನ ಕೊರತೆಯ ರೋಗನಿದಾನ

ಒಬ್ಬ ಸಭಾಪಾಲಕರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ನಲವತ್ತರ ಆಸುಪಾಸು. ಅವರ ಪ್ರಸಂಗವನ್ನು ಸಭೆಯವರು ಮೆಚ್ಚುತ್ತಾರೆ. ಆದರೆ ಅದು ಪ್ರತಿ ವಾರವೂ ಶನಿವಾರದ ನಡುರಾತ್ರಿಯಲ್ಲಿಯೇ ಸಿದ್ಧವಾಗುತ್ತದೆ. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಹಲವು ತಿಂಗಳುಗಳ ಹೆಸರುಗಳು ಇನ್ನೂ ಏರಿಲ್ಲ. ರೋಗಿಯೊಬ್ಬರನ್ನು ನೋಡಲು ಬರುತ್ತೇನೆಂದು ಮನಃಪೂರ್ವಕವಾಗಿ ಕೊಟ್ಟ ಮಾತು, ಆ ರೋಗಿಯ ಶವಸಂಸ್ಕಾರಕ್ಕೆ ಕರೆ ಬಂದಾಗ ನೆನಪಾಗುತ್ತದೆ. ವಿಧವೆಯೊಬ್ಬರು ದುಃಖ ತೋಡಿಕೊಳ್ಳುತ್ತಿರುವಾಗಲೇ ಮನಸ್ಸು ಎತ್ತಲೋ ಹೋಗಿ, ಮರಳಿ ಬರುವಷ್ಟರಲ್ಲಿ ಮಾತಿನ ಎಳೆ ತಪ್ಪಿರುತ್ತದೆ. ಪ್ರತಿ ಲೆಂಟ್ ಕಾಲದಲ್ಲಿಯೂ ಅವರು ಒಂದೇ ಪಾಪವನ್ನು ಅರಿಕೆಮಾಡುತ್ತಾರೆ: ಸೋಮಾರಿತನ. ಇಷ್ಟು ಪ್ರಾಮಾಣಿಕವಾದ ಅರಿಕೆಯಿಂದಲೂ ವರ್ಷಗಟ್ಟಲೆ ಏನೂ ಬದಲಾಗದಿದ್ದರೆ, ಅದಕ್ಕೆ ಕೊಟ್ಟಿರುವ ಹೆಸರೇ ತಪ್ಪಿರಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಈ ಲೇಖನದ ವಿಷಯ ಆ ಪ್ರಶ್ನೆಯೇ.

ಹೆಸರಿನ ಇತಿಹಾಸ

ಎಡಿಎಚ್‌ಡಿ ಎಂದು ಇಂದು ಕರೆಯಲ್ಪಡುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ವ್ಯಾಧಿಯ ಚರಿತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. 1902ರಲ್ಲಿ ಲಂಡನ್ನಿನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಆ ಸ್ಥಿತಿಗೆ ಅವರು ಕೊಟ್ಟ ಹೆಸರು ನೈತಿಕ ನಿಯಂತ್ರಣದ ದೋಷ. ದೈಹಿಕ ಕಾರಣವಿರಬಹುದೆಂದು ಅವರೇ ಊಹಿಸಿದ್ದರೂ ಹೆಸರು ಮಾತ್ರ ನೀತಿಯ ಭಾಷೆಯಿಂದಲೇ ಬಂದಿತು. ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯು 1980ರಲ್ಲಿ ಗಮನದ ಕೊರತೆಯನ್ನು ಹೆಸರಿನಲ್ಲಿಯೇ ಸೇರಿಸಿತು. 1987ರಲ್ಲಿ ಅತಿಚಟುವಟಿಕೆಯೂ ಅದರೊಂದಿಗೆ ಸೇರಿತು. ವೈದ್ಯಶಾಸ್ತ್ರವು ಇಷ್ಟು ದೂರ ನಡೆದು ಬಂದಿದ್ದರೂ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಸಭೆಗಳಲ್ಲಿ ಹಳೆಯ ತೀರ್ಪೇ ಉಳಿದಿದೆ: ಉಡಾಫೆ, ಅಶಿಸ್ತು, ಭಕ್ತಿಯ ಕೊರತೆ.

ಈ ವ್ಯಾಧಿಯಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕಾದಾಗ ಬೇಕಾದ ಕಡೆಗೆ ಅದನ್ನು ತಿರುಗಿಸುವ ಮತ್ತು ಅಲ್ಲಿಯೇ ನಿಲ್ಲಿಸುವ ಶಕ್ತಿ ಕುಂದಿರುತ್ತದೆ. ಆದ್ದರಿಂದಲೇ ಗ್ರೀಕ್ ಪದವೊಂದರ ಬೆನ್ನುಹತ್ತಿ ಐದು ಗಂಟೆ ಕುಳಿತವರು ಐದು ನಿಮಿಷದ ಪತ್ರವನ್ನು ಐದು ವಾರಗಳಾದರೂ ಬರೆಯಲಾರರು. ನೋಡುವವರಿಗೆ ಇದು ಮನಸ್ಸಿಲ್ಲದಿರುವಿಕೆಯಂತೆ ಕಾಣುತ್ತದೆ. ವಂಶವಾಹಿಯ ಪಾತ್ರ ಇದರಲ್ಲಿ ಬಹಳ ದೊಡ್ಡದು. ಮಗನಿಗೋ ಮಗಳಿಗೋ ಈ ವ್ಯಾಧಿ ಇದೆಯೆಂದು ವೈದ್ಯರು ಹೇಳಿದಾಗ ಆ ವಿವರಣೆಯಲ್ಲಿ ತಮ್ಮನ್ನೇ ಕಂಡು ತಪಾಸಣೆಗೆ ಬರುವ ತಂದೆತಾಯಂದಿರುಂಟು.

ತಡವಾಗಿ ತಿಳಿಯುವುದೇಕೆ?

ವಯಸ್ಕರಲ್ಲಿ ಅತಿಚಟುವಟಿಕೆಯು ಹೊರಗಿನ ಓಡಾಟವಾಗಿರದೆ ಒಳಗಿನ ಚಡಪಡಿಕೆಯಾಗಿರುತ್ತದೆ. ಹುಡುಗಿಯರಲ್ಲಿ ಗದ್ದಲವಿಲ್ಲದ ಅನ್ಯಮನಸ್ಕತೆಯೇ ಹೆಚ್ಚಾಗಿ ಕಾಣುವುದರಿಂದ ಅದು ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಮ್ಮ ಸಂದರ್ಭಕ್ಕೆ ವಿಶೇಷವಾದ ಇನ್ನೊಂದು ಕಾರಣವೂ ಇದೆ. ಸೆಮಿನರಿಯಲ್ಲಿ ಗಂಟೆ ಬಾರಿಸುತ್ತದೆ: ಪ್ರಾರ್ಥನೆಗೆ, ತರಗತಿಗೆ, ಊಟಕ್ಕೆ, ಅಧ್ಯಯನಕ್ಕೆ. ಹೊರಗಿನ ಆ ಕಟ್ಟು ಒಳಗಿನ ಕೊರತೆಯನ್ನು ಸದ್ದಿಲ್ಲದೆ ತುಂಬುತ್ತದೆ. ಅಭಿಷೇಕವಾಗಿ ಹಳ್ಳಿಯ ಸಭೆಯೊಂದಕ್ಕೆ ಹೋದ ಮೇಲೆ ಗಂಟೆ ಇಲ್ಲ, ಮೇಲ್ವಿಚಾರಕರು ದೂರ, ಕೆಲಸಕ್ಕೆ ಗಡಿಯಿಲ್ಲ. ಆಗ ಎಲ್ಲವೂ ಕುಸಿಯುತ್ತದೆ. ಅವರು ಅದನ್ನು ಕರೆಯ ಸೋಲೆಂದು ತಿಳಿಯುತ್ತಾರೆ. ನಿಜವಾಗಿ ಇಲ್ಲವಾದದ್ದು ಗಂಟೆ.

ತಪಾಸಣೆಯ ಕ್ರಮ

ರೋಗನಿದಾನವನ್ನು ಮಾಡಬೇಕಾದವರು ಮನೋವೈದ್ಯರು ಅಥವಾ ಇದರಲ್ಲಿ ತರಬೇತಿ ಪಡೆದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಇಲ್ಲ. ದೀರ್ಘವಾದ ಸಂದರ್ಶನವೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಬಳಕೆಯಲ್ಲಿರುವ ಆರು ಪ್ರಶ್ನೆಗಳ ಪಟ್ಟಿಯು ತಪಾಸಣೆ ಬೇಕೇ ಎಂಬುದನ್ನು ಸೂಚಿಸುತ್ತದೆಯೇ ಹೊರತು ತೀರ್ಮಾನ ಕೊಡುವುದಿಲ್ಲ. ಮೇಲೆ ಹೇಳಿದ ಕೈಪಿಡಿಯ 2013ರ ಐದನೆಯ ಆವೃತ್ತಿಯ ಪ್ರಕಾರ ಅನ್ಯಮನಸ್ಕತೆಯ 9 ಲಕ್ಷಣಗಳು, ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳು ಎಂದು ಎರಡು ಪಟ್ಟಿಗಳಿವೆ. 17 ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಪಟ್ಟಿಯ ಕನಿಷ್ಠ 5 ಲಕ್ಷಣಗಳು ಆರು ತಿಂಗಳಿಂದಲಾದರೂ ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು. ಮನೆ, ಕೆಲಸ ಮುಂತಾದ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ತೋರಬೇಕು. ಬದುಕಿಗೆ ನಿಜವಾದ ಅಡ್ಡಿಯಾಗಿರಬೇಕು.

ಆದ್ದರಿಂದ ಹಳೆಯ ಶಾಲಾ ಅಂಕಪಟ್ಟಿಗಳು, ಅವುಗಳ ಮೇಲೆ ಶಿಕ್ಷಕರು ಬರೆದ ಷರಾಗಳು, ತಾಯಿಯ ಅಥವಾ ಅಣ್ಣ ಅಕ್ಕಂದಿರ ನೆನಪುಗಳು ಇಲ್ಲಿ ಸಾಕ್ಷ್ಯಗಳಾಗುತ್ತವೆ. ನಿದ್ರೆಯ ತೊಂದರೆ, ಥೈರಾಯ್ಡ್ ದೋಷ, ಖಿನ್ನತೆ, ಆತಂಕ, ಮದ್ಯಪಾನ ಇವೂ ಗಮನವನ್ನು ಕೆಡಿಸುತ್ತವೆ. ವೈದ್ಯರು ಇವನ್ನೆಲ್ಲ ವಿಚಾರಿಸುತ್ತಾರೆ. ನಲವತ್ತರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಮರೆವು ಬೇರೊಂದು ಕಾರಣದ್ದಾಗಿರುವ ಸಂಭವವೇ ಹೆಚ್ಚು.

ನಡುಹಗಲಿನ ದೆವ್ವವೋ, ವ್ಯಾಧಿಯೋ?

ಸಭೆಯ ಪರಂಪರೆಗೆ ಚದುರುವ ಮನಸ್ಸು ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಬಾಳಿದ ಎವಾಗ್ರಿಯಸ್ ಎಂಟು ದುರಾಲೋಚನೆಗಳಲ್ಲಿ ಅಕೀಡಿಯಾ ಎಂಬುದನ್ನು ಹೆಸರಿಸಿ, ಅದನ್ನು ನಡುಹಗಲಿನ ದೆವ್ವವೆಂದು ಕರೆದನು. ಅದು ಹಿಡಿದ ಸನ್ಯಾಸಿಗೆ ಸೂರ್ಯ ಚಲಿಸದಂತೆ ತೋರುತ್ತದೆ. ಕಿಟಕಿಯ ಕಡೆಗೇ ಕಣ್ಣು ಹೋಗುತ್ತದೆ. ಇರುವ ಸ್ಥಳದ ಮೇಲೂ ಮಾಡುವ ಕೆಲಸದ ಮೇಲೂ ಹಗೆ ಹುಟ್ಟುತ್ತದೆ. ಯೊಹಾನ ಕಾಸಿಯನ್ ಈ ಬೋಧನೆಯನ್ನು ಪಶ್ಚಿಮದ ಸಭೆಗೆ ತಲುಪಿಸಿದನು.

ಎರಡೂ ಹೊರನೋಟಕ್ಕೆ ಒಂದೇ. ಆದರೆ ಅಕೀಡಿಯಾ ಪ್ರೀತಿಯ ಬಾಡುವಿಕೆ. ಹಿಂದೊಮ್ಮೆ ಉರಿಯುತ್ತಿದ್ದದ್ದು ಆರುತ್ತದೆ. ಗಮನ ಕೊರತೆಯಲ್ಲಿ ಪ್ರೀತಿ ಬಾಡಿರಬೇಕಾಗಿಲ್ಲ. ಪ್ರೀತಿಸುವ ಕೆಲಸದಲ್ಲಿಯೂ ಕೈ ಸೋಲುತ್ತದೆ, ಬಾಲ್ಯದಿಂದಲೂ ಸೋಲುತ್ತಲೇ ಬಂದಿದೆ. ಅಕೀಡಿಯಾಗೆ ಮರಳುಗಾಡಿನ ಗುರುಗಳು ಹೇಳಿದ ಮದ್ದು ಕೋಣೆಯಲ್ಲಿ ಸಹನೆಯಿಂದ ನಿಲ್ಲುವುದು. ಅದೇ ಮದ್ದನ್ನು ಈ ವ್ಯಾಧಿಗೆ ಕೊಟ್ಟರೆ ಸೋಲಿನ ಮೇಲೆ ಸೋಲು ಸೇರುವುದಷ್ಟೇ. ಒಬ್ಬರಲ್ಲಿ ಎರಡೂ ಇರಬಹುದು. ಹಾಗಿದ್ದಲ್ಲಿ ಆತ್ಮಿಕ ಮಾರ್ಗದರ್ಶಕರೂ ವೈದ್ಯರೂ ತಮ್ಮ ತಮ್ಮ ಕೆಲಸವನ್ನು ಮಾಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಪೇತ್ರನ ದುಡುಕನ್ನೋ ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯವನ್ನೋ ಈ ವ್ಯಾಧಿಯ ವರ್ಣನೆಯೆಂದು ಓದಬಾರದು. ಪೌಲನ ಮಾತು ಪಾಪದ ದಾಸತ್ವವನ್ನು ಕುರಿತದ್ದು. ಎರಡನೆಯದು, ರೋಗನಿದಾನವು ಪಾಪವಿಮೋಚನೆಯಲ್ಲ. ಕಾಯುತ್ತಾ ತೀರಿಹೋದ ರೋಗಿಯ ಮನೆಯವರ ಮುಂದೆ ಆ ಸಭಾಪಾಲಕರು ಇಂದಿಗೂ ಕ್ಷಮೆ ಬೇಡಬೇಕು. ಆದರೆ ಕ್ಷಮೆ ಬೇಡಿದ ಬಳಿಕ ಏನು ಮಾಡಬೇಕೆಂಬುದನ್ನು ರೋಗನಿದಾನ ತಿಳಿಸುತ್ತದೆ. ಅದು ಹೊಣೆಯನ್ನು ಇಳಿಸುವುದಿಲ್ಲ, ಹೊರಲು ಸಾಧ್ಯವಾದ ಕಡೆಗೆ ಸರಿಸುತ್ತದೆ. ಇನ್ನೂ ಹೆಚ್ಚು ಪ್ರಯತ್ನಿಸುತ್ತೇನೆ ಎಂಬ ಹರಕೆಯ ಬದಲು, ಕೊಟ್ಟ ಮಾತನ್ನು ಆ ಕ್ಷಣವೇ ಬರೆದಿಡುತ್ತೇನೆ, ದಾಖಲೆ ಪುಸ್ತಕವನ್ನು ಪ್ರತಿ ಸೋಮವಾರ ಸಭೆಯ ಕಾರ್ಯದರ್ಶಿಯ ಜೊತೆಯಲ್ಲಿಯೇ ಕುಳಿತು ಬರೆಯುತ್ತೇನೆ ಎಂಬ ನಿರ್ಧಾರ ಬರುತ್ತದೆ.

ಚಿಕಿತ್ಸೆ ಮತ್ತು ಸಭೆಯ ಕರ್ತವ್ಯ

ಚಿಕಿತ್ಸೆಯಲ್ಲಿ ಔಷಧಿ, ಆಪ್ತಸಮಾಲೋಚನೆ, ದಿನಚರಿಯ ಮರುಜೋಡಣೆ ಮೂರೂ ಸೇರುತ್ತವೆ. ಮಿಥೈಲ್‌ಫೆನಿಡೇಟ್ ಎಂಬ ಔಷಧಿಯು 1985ರ ಮಾದಕ ವಸ್ತುಗಳ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟಿದ್ದು, ವೈದ್ಯರ ಚೀಟಿಯಿಲ್ಲದೆ ದೊರೆಯಬಾರದು. ಸೇವಿಸುವವರ ರಕ್ತದೊತ್ತಡ ಮತ್ತು ನಾಡಿಬಡಿತವನ್ನು ಆಗಾಗ ನೋಡುತ್ತಿರಬೇಕು. ಅದು ಒಗ್ಗದವರಿಗೆ ಆಟೊಮಾಕ್ಸೆಟೀನ್ ಮುಂತಾದ ಬೇರೆ ಔಷಧಿಗಳಿವೆ. ಔಷಧಿ ತೆಗೆದುಕೊಳ್ಳುವುದು ಪ್ರಾರ್ಥನೆಯಲ್ಲಿ ಅಪನಂಬಿಕೆಯಲ್ಲ. ಸಾಯಬಯಸಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶವನ್ನಲ್ಲ, ರೊಟ್ಟಿಯನ್ನೂ ನೀರನ್ನೂ. ಹೋರೇಬಿನ ಸ್ವರ ಆಮೇಲೆ ಬಂದಿತು.

ಎಲ್ಲಿ ಆರಂಭಿಸಬೇಕೆಂದು ತಿಳಿಯದವರು 14416ಕ್ಕೆ, ಅಂದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ, ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳೂ ಇವೆ. ಚಿಕಿತ್ಸೆಯ ಗೌಪ್ಯತೆಯು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿರುವ ಹಕ್ಕು. ಸಭೆಯ ಅಧಿಕಾರಿಗಳು ಇದನ್ನು ಮರೆಯಬಾರದು: ಸೇವಕರೊಬ್ಬರು ನಂಬಿ ಹೇಳಿಕೊಂಡದ್ದು ವರ್ಗಾವಣೆಯ ಸಮಿತಿಯಲ್ಲಿ ಚರ್ಚೆಯ ವಿಷಯವಾದರೆ, ಮುಂದೆ ಯಾರೂ ಬಾಯಿಬಿಡುವುದಿಲ್ಲ.

ಕೊನೆಯದಾಗಿ, ಅರಿಕೆಯನ್ನು ಕೇಳುವ ನಾವು ವೈದ್ಯರಲ್ಲ; ಯಾರಿಗೂ ವ್ಯಾಧಿಯ ಹೆಸರು ಹಚ್ಚುವ ಅಧಿಕಾರ ನಮಗಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಬಹುದು: ನೀವು ಚಿಕ್ಕವರಿದ್ದಾಗಲೂ ಹೀಗೆಯೇ ಇತ್ತೇ? ಹೌದೆಂಬ ಉತ್ತರ ಬಂದರೆ, ಮತ್ತೊಂದು ಪ್ರಾಯಶ್ಚಿತ್ತವನ್ನು ವಿಧಿಸುವ ಮುನ್ನ ವೈದ್ಯರ ಬಳಿಗೆ ಅವರೊಂದಿಗೆ ಹೋಗುವುದು ಪಾಲನಾ ಸೇವೆಯ ಭಾಗವೇ ಆಗಿದೆ.