ಹತ್ತು ಜನರ ನಡುವೆ ನಿಮ್ಮ ಮಾತು



ಬಸವೇಶ್ವರನಗರದಲ್ಲಾಗಲಿ, ವಿಜಯನಗರದಲ್ಲಾಗಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಅಡ್ವಾನ್ಸ್ ಮಾತಿಗೆ ಮೊದಲೇ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಎದುರಾಗುವುದುಂಟು. ಕೇಳುವವರಿಗೆ ಅದು ಸಹಜ, ಉತ್ತರಿಸಬೇಕಾದವರಿಗೆ ಇರುಸುಮುರುಸು. ಜಾತಿಯ ವಿಷಯವನ್ನು ಮನೆಯೊಳಗೆ ಧಾರಾಳವಾಗಿ ಆಡಿಕೊಳ್ಳುವ ನಾವು ಬೇರೆಯವರ ಎದುರು ಬಾಯಿ ಬಿಗಿಹಿಡಿಯುತ್ತೇವೆ. ಹೀಗಿರುವಾಗ ‘ಮೀಸಲಾತಿ ಮತ್ತು ಜಾತಿ ಸಮೀಕ್ಷೆಯ ಬಗ್ಗೆ ಗುಂಪು ಚರ್ಚೆ ಇದೆ, ನೀವೂ ಬನ್ನಿ’ ಎಂದು ಸಂಶೋಧಕರು ಕರೆದರೆ ಹೋಗಬೇಕೇ? ಹೋದರೆ ಏನು ಹೇಳಬೇಕು?

ಈ ವಿವಾದ ಇಂದಿನದಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯ ಹೆಚ್ಚಿಸುವ ಬಗ್ಗೆ ಸಲಹೆ ನೀಡಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಲೇ ಮೈಸೂರಿನಲ್ಲಿ ಭಿನ್ನಾಭಿಪ್ರಾಯ ಎದ್ದಿತ್ತು. 1986ರಲ್ಲಿ ಬಂದ ವೆಂಕಟಸ್ವಾಮಿ ಆಯೋಗದ ವರದಿ ಪ್ರಬಲ ಸಮುದಾಯಗಳ ವಿರೋಧದಿಂದಾಗಿ ಜಾರಿಯಾಗಲೇ ಇಲ್ಲ. 2015ರಲ್ಲಿ ನಡೆದ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ. ಅದರ ಬಗ್ಗೆಯೂ ತಕರಾರು ಎದ್ದು, 2025ರ ಸೆಪ್ಟೆಂಬರ್ 22ರಂದು ಹೊಸ ಸಮೀಕ್ಷೆ ಆರಂಭವಾಯಿತು. ಅದರಲ್ಲಿ ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಸ್ಪಷ್ಟಪಡಿಸಬೇಕಾಯಿತು.

ಎಣಿಕೆಯಲ್ಲ, ಕಾರಣ

ಸಮೀಕ್ಷೆ ‘ಎಷ್ಟು ಜನ?’ ಎಂದು ಕೇಳುತ್ತದೆ. ಗುಂಪು ಚರ್ಚೆ ಕೇಳುವುದು ‘ಏಕೆ? ಹೇಗೆ?’ ಎಂದು. ಫೋಕಸ್ ಗ್ರೂಪ್ ಎಂದು ಸಂಶೋಧಕರು ಕರೆಯುವ ಈ ವಿಧಾನ ಹುಟ್ಟಿದ್ದು ಪ್ರಸಾರ ಮಾಧ್ಯಮದ ನೆರಳಿನಲ್ಲೇ. 1941ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೇಡಿಯೋ ಕೇಳುಗರನ್ನು ಕೂರಿಸಿ, ಹಿಡಿಸಿದಾಗ ಒಂದು ಗುಂಡಿ, ಹಿಡಿಸದಿದ್ದಾಗ ಇನ್ನೊಂದು ಗುಂಡಿ ಒತ್ತಿಸುತ್ತಿದ್ದರು. ಗುಂಡಿ ಒತ್ತಿದ್ದು ತಿಳಿಯಿತು, ಏಕೆ ಒತ್ತಿದರೆಂಬುದು ತಿಳಿಯಬೇಡವೇ? ಆ ‘ಏಕೆ’ಯನ್ನು ಕ್ರಮವಾಗಿ ಕೇಳುವ ಬಗೆಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ರೂಪಿಸಿದರು.

ನಮ್ಮ ಪಶ್ಚಿಮ ಬೆಂಗಳೂರಿಗೆ ಸಮಾಜ ಸಂಶೋಧನೆ ಹೊಸದಲ್ಲ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ, ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ದುಡಿದ ಐಸೆಕ್ ಸಂಸ್ಥೆ ನಾಗರಬಾವಿಯಲ್ಲಿದೆ. ಕೆಂಗೇರಿಯ ಹಾದಿಯಲ್ಲಿ ಜ್ಞಾನಭಾರತಿ ಇದೆ. ಊರಿನ ಈ ಭಾಗದವರಿಗೆ ಇಂಥ ಕರೆ ಬಂದರೆ ಅಚ್ಚರಿಪಡಬೇಕಿಲ್ಲ.

ಸಾಮಾನ್ಯವಾಗಿ ಆರರಿಂದ ಹನ್ನೆರಡು ಜನ ಸುತ್ತ ಕೂರುತ್ತಾರೆ. ಒಬ್ಬರು ಚರ್ಚೆ ನಡೆಸುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಮತದಾನವಿಲ್ಲ, ತೀರ್ಪಿಲ್ಲ, ಎಲ್ಲರೂ ಒಪ್ಪಬೇಕೆಂಬ ನಿಯಮವೂ ಇಲ್ಲ. ಜಾತಿಯಂಥ ಸೂಕ್ಷ್ಮ ವಿಷಯಕ್ಕೆ ಸಮಾನ ಹಿನ್ನೆಲೆಯವರನ್ನೇ ಒಂದೊಂದು ಗುಂಪಿಗೆ ಸೇರಿಸುವುದುಂಟು. ಬಾಡಿಗೆದಾರ ತನ್ನ ಮನೆ ಮಾಲೀಕರ ಎದುರು, ಕಾರ್ಮಿಕ ತನ್ನ ಸೂಪರ್‌ವೈಸರ್ ಎದುರು ಮನಸ್ಸು ಬಿಚ್ಚುವುದು ಕಷ್ಟ.

ಕಂಡದ್ದನ್ನು ಹೇಳಿ

ಮೀಸಲಾತಿ ಇರಬೇಕು ಅಥವಾ ಇರಬಾರದು ಎಂಬ ಮಾತು ಸಂಶೋಧಕರಿಗೆ ಹೊಸದೇನೂ ಅಲ್ಲ. ನೀವು ಕಂಡದ್ದು, ಉಂಡದ್ದು ಅವರಿಗೆ ಬೇಕು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ದುಡಿದ ತಂದೆಯ ಮಗಳು ಮೀಸಲಾತಿಯಿಂದ ಇಂಜಿನಿಯರ್ ಆದದ್ದು ಒಂದು ಸತ್ಯ. ಸಾಮಾನ್ಯ ವರ್ಗದ ಬಡ ಅರ್ಚಕರ ಮಗನಿಗೆ ಸಿಇಟಿಯಲ್ಲಿ ಸೀಟು ಕೈತಪ್ಪಿದಾಗ ಆ ಮನೆಯಲ್ಲಾದ ನೋವೂ ಸತ್ಯ. ಎರಡನ್ನೂ ಒಂದೇ ಕೋಣೆಯಲ್ಲಿ ಕೇಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಅನುಭವ ಹೇಳಿದವರನ್ನು ‘ಅಲ್ಲಿ ಏನಾಯಿತು?’ ಎಂದು ಮುಂದಕ್ಕೆ ಕೇಳಬಹುದು, ಘೋಷಣೆ ಕೂಗಿದವರಿಗೆ ಪ್ರತಿಘೋಷಣೆಯನ್ನಷ್ಟೇ ಕೂಗಬಹುದು. ‘ನಮ್ಮ ಜನಾಂಗದವರೆಲ್ಲ ಹೀಗೆ ಅಂದುಕೊಂಡಿದ್ದಾರೆ’ ಎನ್ನುವ ಅಧಿಕಾರವನ್ನು ಯಾರೂ ನಿಮಗೆ ಕೊಟ್ಟಿಲ್ಲ. ನಿಮ್ಮ ಪರವಾಗಿ ನೀವು ಮಾತನಾಡಿದರೆ ಸಾಕು.

ಗುಂಪಿನಲ್ಲಿ ನಾಲ್ವರು ಜೋರಾಗಿ ಒಂದೇ ಮಾತು ಹೇಳಿದಾಗ ಐದನೆಯವರು ತಲೆಯಾಡಿಸಿಬಿಡುತ್ತಾರೆ. ವರದಿಯಲ್ಲಿ ಅದು ಒಪ್ಪಿಗೆಯಾಗಿ ಕಾಣುವ ಅಪಾಯವಿದೆ. ಒಪ್ಪಿಗೆ ಇಲ್ಲದಿದ್ದರೆ ‘ನನ್ನ ಅನುಭವ ಬೇರೆ’ ಎಂಬ ಮೂರು ಶಬ್ದ ಹೇಳಿ. ಮಾತನಾಡಲು ಮನಸ್ಸಿಲ್ಲದಿದ್ದರೆ ಸುಮ್ಮನಿರುವ ಹಕ್ಕೂ ನಿಮ್ಮದೇ.

ಗುಟ್ಟು ಯಾರ ಕೈಯಲ್ಲಿ?

ಇನ್ನೊಂದು ಮುಖ್ಯ ಸಂಗತಿ. ನಿಮ್ಮ ಹೆಸರನ್ನು ಬಹಿರಂಗಪಡಿಸುವುದಿಲ್ಲವೆಂದು ಸಂಶೋಧಕರು ಭರವಸೆ ಕೊಡಬಲ್ಲರು. ಪಕ್ಕದ ಕುರ್ಚಿಯಲ್ಲಿ ಕುಳಿತವರ ಬಾಯಿಗೆ ಅವರು ಬೀಗ ಹಾಕಲಾರರು. ಒಂದೇ ಬಡಾವಣೆಯವರಾದರೆ ನಾಳೆ ಹಾಲಿನ ಬೂತಿನಲ್ಲಿ ಅವರೇ ಎದುರಾಗುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದ್ದರಿಂದ ಬೀದಿಗೆ ಬಂದರೆ ನಿಮಗೋ ನಿಮ್ಮ ಮಕ್ಕಳಿಗೋ ತೊಂದರೆಯಾಗುವ ವಿಷಯವನ್ನು ಗುಂಪಿನಲ್ಲಿ ಹೇಳಬೇಡಿ. ಪ್ರತ್ಯೇಕವಾಗಿ ಮಾತನಾಡಲು ಅವಕಾಶ ಕೇಳಿ.

ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಅಧ್ಯಯನ ಯಾರದ್ದು, ಹಣ ಯಾರದ್ದು? ಧ್ವನಿಮುದ್ರಣ ಉಂಟೇ, ಅದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ? ನಡುವೆ ಎದ್ದು ಹೋಗಬಹುದೇ? ನೇರ ಉತ್ತರ ಬಾರದಿದ್ದರೆ ನಯವಾಗಿ ಬೇಡವೆನ್ನಿ.

ಹತ್ತು ಜನರ ಮಾತು ಊರಿನ ಶೇಕಡಾವಾರು ಅಭಿಪ್ರಾಯವಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ. ಒಂದು ನಿಯಮ ಬಡವರ ಮನೆ ಬಾಗಿಲಲ್ಲಿ ಏನಾಗುತ್ತದೆಂದು ಅಂಕಿಅಂಶದ ಪಟ್ಟಿ ಹೇಳಲಾರದು. ಅದನ್ನು ಬಲ್ಲವರು ಸುಮ್ಮನೆ ಮನೆಯಲ್ಲಿ ಕುಳಿತರೆ, ಗಂಟಲು ದೊಡ್ಡದಿರುವವರ ಮಾತೇ ಊರಿನ ಮಾತೆಂದು ದಾಖಲಾಗುತ್ತದೆ.