ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕ: ಸಾಲುಮನೆ ಖರೀದಿಯ ಕೆಲವು ವಿಚಾರಗಳು

ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಮಟ್ಟಿಗೆ ಸ್ವಂತ ಮನೆಯೆಂಬುದು ಕೇವಲ ವಾಸದ ನೆಲೆಯಲ್ಲ. ದುಡಿಯುವ ಬಂಡವಾಳಕ್ಕಾಗಿ ಬ್ಯಾಂಕಿನ ಬಾಗಿಲು ತಟ್ಟಿದಾಗ ಅವರು ಆಧಾರವಾಗಿ ಕೇಳುವುದು ಅದನ್ನೇ. ಹೊಸ ಯಂತ್ರೋಪಕರಣಗಳ ಖರೀದಿ, ಮಗಳ ಮದುವೆ, ಬಾಕಿ ವಸೂಲಾಗದೆ ಉಳಿದ ವರ್ಷದ ಸಂಕಟ, ಇವುಗಳಲ್ಲಿ ಯಾವುದು ಎದುರಾದರೂ ಕೊನೆಗೆ ಕಣ್ಣು ಬೀಳುವುದು ಅದರ ಮೇಲೆಯೇ. ಆದ್ದರಿಂದ ತಿಂಗಳ ಸಂಬಳದಾರನು ಮನೆ ಕೊಳ್ಳುವಾಗ ಕೇಳುವ ಪ್ರಶ್ನೆಗಳ ಜೊತೆಗೆ ವರ್ತಕನು ಇನ್ನೊಂದನ್ನೂ ಕೇಳಿಕೊಳ್ಳಬೇಕಾಗುತ್ತದೆ: ಅಗತ್ಯ ಬಿದ್ದ ದಿನ ಇದನ್ನು ಎಷ್ಟು ಬೇಗ, ಯಾವ ಬೆಲೆಗೆ ಕೈಬಿಡಲು ಸಾಧ್ಯ?

ಬೆಂಗಳೂರು, ಮೈಸೂರಿನಂತಹ ನಗರಗಳ ಹೊರವಲಯದಲ್ಲಿ 'ರೋ ಹೌಸ್', 'ಟೌನ್‌ಹೌಸ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಸಾಲುಮನೆಗಳು ಫ್ಲ್ಯಾಟಿಗೂ ಸ್ವತಂತ್ರ ಮನೆಗೂ ನಡುವಿನ ಆಯ್ಕೆಯಾಗಿ ನಮ್ಮವರನ್ನು ಸೆಳೆಯುತ್ತಿವೆ. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಕೆಳಗೆ ಅಂಗಡಿ, ಮೇಲೆ ವಾಸ, ಪಕ್ಕದವರೊಡನೆ ಒಂದೇ ಗೋಡೆ ಎಂಬ ಕ್ರಮದಲ್ಲಿಯೇ ನಮ್ಮ ಹಳೆಯ ಪೇಟೆಗಳು ಬೆಳೆದು ಬಂದವು. ಆದರೆ ಪೇಟೆಯ ಮನೆಯಲ್ಲಿ ನೆಲ ಯಾರದೆಂಬ ಬಗ್ಗೆ ಸಂಶಯವಿರುತ್ತಿರಲಿಲ್ಲ. ಇಂದಿನ ಸಾಲುಮನೆಯಲ್ಲಿ ಮೊದಲು ಕೇಳಬೇಕಾದದ್ದೇ ಅದು.

ನೆಲ ಯಾರ ಹೆಸರಿನಲ್ಲಿದೆ?

ನೋಡಲು ಒಂದೇ ತೆರನಾಗಿರುವ ಎರಡು ಸಾಲುಮನೆಗಳು ಕಾಗದದಲ್ಲಿ ಬೇರೆ ಬೇರೆಯಾಗಿರಬಹುದು. ಒಂದರಲ್ಲಿ ಪ್ರತಿ ಮನೆಗೂ ಪ್ರತ್ಯೇಕ ನಿವೇಶನ, ಪ್ರತ್ಯೇಕ ಚಕ್ಕುಬಂದಿ, ಪ್ರತ್ಯೇಕ ಖಾತೆ ಇರುತ್ತದೆ. ಇನ್ನೊಂದರಲ್ಲಿ ಇಡೀ ಜಮೀನು ಒಂದೇ ಆಗಿದ್ದು, ಕೊಂಡವರಿಗೆ ಅದರಲ್ಲಿ ಅವಿಭಾಜ್ಯ ಪಾಲು ಮಾತ್ರ ದೊರೆಯುತ್ತದೆ. ಕಾಲಕ್ರಮದಲ್ಲಿ ಬೆಲೆ ಏರುವುದು ನೆಲಕ್ಕೆ. ಕಟ್ಟಡವಾದರೋ ವರ್ಷ ಕಳೆದಂತೆ ಸವೆಯುವ ವಸ್ತು. ಇಪ್ಪತ್ತು ವರ್ಷಗಳ ನಂತರ ಮೊದಲನೆಯ ಬಗೆಯ ಮನೆಯನ್ನು ಕೊಳ್ಳುವವನು ಬೇಕಾದರೆ ಅದನ್ನು ಕೆಡವಿ, ನಿಯಮಾನುಸಾರ ಹೊಸದನ್ನು ಕಟ್ಟಿಕೊಳ್ಳಬಹುದು. ಎರಡನೆಯದರಲ್ಲಿ ಒಂದು ಅಂತಸ್ತು ಏರಿಸುವುದಕ್ಕೂ ನೆರೆಹೊರೆಯವರ ಹಾಗೂ ಸಂಘದ ಒಪ್ಪಿಗೆ ಬೇಕಾಗುತ್ತದೆ. ಚದರಡಿಯ ದರದಲ್ಲಿ ಇವೆರಡನ್ನೂ ಹೋಲಿಸುವುದು ಸರಿಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಹೋಲಿಸಲೇಬೇಕೆಂದರೆ ಮನೆಯ ಬೆಲೆಯನ್ನು ಅದರ ಪಾಲಿಗೆ ಬರುವ ನೆಲದ ಅಳತೆಯಿಂದ ಭಾಗಿಸಿ ನೋಡತಕ್ಕದ್ದು.

ನಡುಗೋಡೆಯ ವಿಷಯವನ್ನೂ ಕ್ರಯಪತ್ರದಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಗೋಡೆ ಇಬ್ಬರಿಗೂ ಸೇರಿದ್ದೋ, ನೀರು ಸೋರಿದರೆ ದುರಸ್ತಿಯ ವೆಚ್ಚ ಯಾರದು ಎಂಬುದು ಬರಹದಲ್ಲಿಲ್ಲದಿದ್ದರೆ ಮಾರಾಟದ ವೇಳೆಗೆ ಅದು ವ್ಯಾಜ್ಯವಾಗಿ ಎದ್ದು ನಿಲ್ಲುತ್ತದೆ. ಸಾಲಿನ ಕೊನೆಯ ಮನೆಗೆ ಮೂರು ಕಡೆ ಗಾಳಿ ಬೆಳಕು ಇರುವುದರಿಂದ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪೂರ್ವ ಅಥವಾ ಉತ್ತರದ ಬಾಗಿಲಿಗೂ ಇದೇ ಮಾತು. ತಮಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲದಿರಬಹುದು, ಆದರೆ ನಾಳೆ ಕೊಳ್ಳಲು ಬರುವವನಿಗೆ ಇದ್ದೇ ಇರುತ್ತದೆ!

ನಿಜವಾದ ಗ್ರಾಹಕ ಬ್ಯಾಂಕಿನ ವಕೀಲ

ಇಂದು ಮನೆ ಕೊಳ್ಳುವವರಲ್ಲಿ ಬಹುಪಾಲು ಜನ ಬ್ಯಾಂಕ್ ಸಾಲವನ್ನು ಅವಲಂಬಿಸಿದವರು. ಆದ್ದರಿಂದ ತಮ್ಮ ಮನೆಯನ್ನು ಮುಂದೆ ಪರಿಶೀಲಿಸುವವನು ಕೊಳ್ಳುವವನಿಗಿಂತ ಹೆಚ್ಚಾಗಿ ಅವನ ಬ್ಯಾಂಕಿನ ವಕೀಲ. ಅವನು ಕೇಳುವ ಮೂಲಪತ್ರಗಳು, ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ ಹಾಗೂ ಕಂದಾಯ ರಸೀದಿಗಳನ್ನು ಕೊಳ್ಳುವಾಗಲೇ ಕೇಳಿ ಪಡೆಯುವುದು ಜಾಣತನ. ರಾಜ್ಯದ ನಗರ ವ್ಯಾಪ್ತಿಯ ಸ್ವತ್ತುಗಳ ನೋಂದಣಿಗೆ 2024ರಿಂದ ಇ-ಖಾತೆ ಕಡ್ಡಾಯವಾಗಿದೆ. ಬಿ ಖಾತೆಯ ಮನೆ ಅಗ್ಗವೆಂಬುದು ನಿಜ. ಅಂತಹ ಸ್ವತ್ತಿಗೆ ಸಾಲ ನೀಡಲು ಅನೇಕ ಬ್ಯಾಂಕುಗಳು ಹಿಂಜರಿಯುವುದರಿಂದ, ಮಾರುವಾಗ ಗ್ರಾಹಕರ ಸಂಖ್ಯೆ ಕುಗ್ಗುತ್ತದೆಂಬುದೂ ಅಷ್ಟೇ ನಿಜ. ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ನೀಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿದ ಮೇಲಂತೂ ಈ ಒಂದು ಕಾಗದದ ತೂಕ ಬಹಳ ಹೆಚ್ಚಿದೆ.

ಮಾರುವವರು ಅವಿಭಕ್ತ ಕುಟುಂಬದವರಾಗಿದ್ದರೆ ಎಲ್ಲ ಹಕ್ಕುದಾರರ ಸಹಿ ಇರಲೇಬೇಕು. 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಸಮಾನ ಹಕ್ಕುದಾರರು. ಮದುವೆಯಾಗಿ ದೂರ ಹೋದ ಸೋದರಿಯ ಸಹಿಯನ್ನು ಬಿಟ್ಟ ಕ್ರಯಪತ್ರವು ಮುಂದಿನ ಗ್ರಾಹಕನನ್ನು ಬಾಗಿಲಲ್ಲೇ ಹಿಂದಿರುಗಿಸುತ್ತದೆ.

ಮನೆಯ ಸುತ್ತಲಿನ ನೆಲವನ್ನು ಮಳೆಗಾಲದಲ್ಲಿ ಒಮ್ಮೆ ನೋಡಿ ಬರುವುದು ಒಳ್ಳೆಯದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಕಡೆಗಳಲ್ಲಿ ಕೋಟ್ಯಂತರ ರೂಪಾಯಿ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದ ದೃಶ್ಯವನ್ನು ಯಾವ ಗ್ರಾಹಕನೂ ಮರೆತಿಲ್ಲ. ರಾಜಕಾಲುವೆ, ಕೆರೆಯ ಅಂಗಳಗಳಿರುವ ಜಾಗವನ್ನು ಗ್ರಾಮನಕ್ಷೆಯಲ್ಲಿ ಗುರುತಿಸಿಕೊಳ್ಳತಕ್ಕದ್ದು.

ಖರ್ಚಿನ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ 90 ಲಕ್ಷ ರೂಪಾಯಿಯ ಮನೆಗೆ ಶೇ. 5ರ ಮುದ್ರಾಂಕ ಶುಲ್ಕ 4.50 ಲಕ್ಷ, ಅದರ ಮೇಲೆ ಶೇ. 10ರ ಸೆಸ್ ಹಾಗೂ ಶೇ. 2ರ ಅಧಿಭಾರ ಸೇರಿ 54 ಸಾವಿರ. 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ 1.80 ಲಕ್ಷ. ಒಟ್ಟು 6.84 ಲಕ್ಷ. ಅಂದರೆ ಸುಮಾರು 97 ಲಕ್ಷಕ್ಕೆ ಮಾರಿದರೂ, ದಲ್ಲಾಳಿಯ ಕಮಿಷನ್ ಬಿಟ್ಟು, ಹಾಕಿದ ಹಣ ಮಾತ್ರ ಹಿಂದಿರುಗುತ್ತದೆ. ನಿರ್ಮಾಣ ಹಂತದ ಮನೆಯಾದರೆ ಇದಕ್ಕೆ ಶೇ. 5ರ ಜಿಎಸ್‌ಟಿ, ಅಂದರೆ 4.50 ಲಕ್ಷ ಸೇರುತ್ತದೆ. ಹೂಡುವಳಿ ತೆರಿಗೆ ಜಮೆಯ ರುಚಿ ಕಂಡ ನಮ್ಮ ಸದಸ್ಯರು ಗಮನಿಸಬೇಕು: ಈ ತೆರಿಗೆಗೆ ಯಾವ ಜಮೆಯೂ ಇಲ್ಲ. ಪ್ರಮಾಣಪತ್ರ ಪಡೆದು ಸಿದ್ಧವಾದ ಮನೆಗೂ, ಮರುಮಾರಾಟದ ಮನೆಗೂ ಜಿಎಸ್‌ಟಿ ತಗಲುವುದಿಲ್ಲ.

ಬೆಲೆಯ ಮಟ್ಟವೂ ಮುಖ್ಯ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲವು 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿದ್ದರೆ ಸ್ವತ್ತಿನ ಮೌಲ್ಯದ ಶೇ. 80ರವರೆಗೆ, ಅದಕ್ಕೂ ಮೇಲಿದ್ದರೆ ಶೇ. 75ರವರೆಗೆ ಮಾತ್ರ ನೀಡಬಹುದು. ಮುದ್ರಾಂಕ, ನೋಂದಣಿ ವೆಚ್ಚಗಳು ಈ ಮೌಲ್ಯದಲ್ಲಿ ಸೇರುವುದಿಲ್ಲ. ಮುಂದೊಂದು ದಿನ ಮನೆಯ ಬೆಲೆ 1.20 ಕೋಟಿಗೆ ಏರಿದಾಗ ಕೊಳ್ಳುವವನು ಸಾಲದ ಹೊರತಾಗಿ 30 ಲಕ್ಷವನ್ನೂ, ಇದೇ ದರಗಳು ಮುಂದುವರಿದರೆ ಶುಲ್ಕಗಳಿಗೆಂದು 9.12 ಲಕ್ಷವನ್ನೂ ಕೈಯಿಂದ ಹೊಂದಿಸಬೇಕು. ಆ ಬಡಾವಣೆಯಲ್ಲಿ ಅಷ್ಟು ಹಣ ಹೊಂದಿಸಬಲ್ಲವರು ಎಷ್ಟು ಮಂದಿ ಎಂಬುದನ್ನು ಇಂದೇ ಅಂದಾಜು ಮಾಡಿಕೊಳ್ಳುವುದು ಕ್ಷೇಮ. ಬೀದಿಯಲ್ಲಿ ಎಲ್ಲರಿಗಿಂತ ದುಬಾರಿಯಾದ ಮನೆಯನ್ನು ಕೊಂಡವರಿಗೆ ಮಾರಾಟದಲ್ಲಿ ಆ ಹೆಚ್ಚುವರಿ ಬೆಲೆ ದೊರೆಯುವುದು ಅಪರೂಪ.

ಇನ್ನು ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಪರಿಪಾಠ. ಇದು ಕಾನೂನುಬಾಹಿರವೆಂಬುದು ಎಲ್ಲರಿಗೂ ತಿಳಿದದ್ದೇ. ನಷ್ಟದ ವ್ಯವಹಾರವೂ ಹೌದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. 90 ಲಕ್ಷ ಕೊಟ್ಟು ಪತ್ರದಲ್ಲಿ 70 ಲಕ್ಷ ಬರೆಸಿದವನು ಮುಂದೆ 130 ಲಕ್ಷಕ್ಕೆ ಮಾರಿದರೆ ಅವನ ಲಾಭ 40 ಲಕ್ಷವಲ್ಲ, 60 ಲಕ್ಷವೆಂದು ಎಣಿಕೆಯಾಗುತ್ತದೆ. ಎರಡು ವರ್ಷ ಮೀರಿ ಇಟ್ಟುಕೊಂಡ ಸ್ವತ್ತಿನ ಲಾಭದ ಮೇಲಿನ ತೆರಿಗೆ 2024ರ ಜುಲೈ 23ರಿಂದ ಶೇ. 12.5, ಅದೂ ಬೆಲೆಯೇರಿಕೆಯ ಸೂಚ್ಯಂಕದ ರಿಯಾಯಿತಿಯಿಲ್ಲದೆ. ಅಂದರೆ ಸೆಸ್ ಬಿಟ್ಟು 2.50 ಲಕ್ಷ ಹೆಚ್ಚು ತೆರಿಗೆ. ಆ ದಿನಾಂಕಕ್ಕೆ ಮೊದಲೇ ಕೊಂಡ ನಿವಾಸಿ ವ್ಯಕ್ತಿಗಳು ಹಾಗೂ ಹಿಂದೂ ಅವಿಭಕ್ತ ಕುಟುಂಬಗಳು ಮಾತ್ರ ಸೂಚ್ಯಂಕದೊಡನೆ ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ, ಕಡಿಮೆಯಾದುದನ್ನು ಕಟ್ಟಬಹುದು. ಮಾರ್ಗಸೂಚಿ ಮೌಲ್ಯಕ್ಕಿಂತ ಪತ್ರದ ಬೆಲೆ ತೀರ ಕಡಿಮೆಯಾದರೆ ಆ ವ್ಯತ್ಯಾಸಕ್ಕೂ ತೆರಿಗೆಯುಂಟು. ಸ್ವತ್ತಿನ ಬಾಬ್ತು 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡವೂ ಬೀಳಬಹುದು.

ಯಾರ ಹೆಸರಿನಲ್ಲಿ ಕೊಳ್ಳಬೇಕೆಂಬುದೂ ಮೊದಲೇ ತೀರ್ಮಾನವಾಗಬೇಕು. ಒಂದು ಮನೆ ಮಾರಿ, ಎರಡು ವರ್ಷದೊಳಗೆ ಇನ್ನೊಂದನ್ನು ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ಲಾಭದ ತೆರಿಗೆಯಿಂದ ದೊರೆಯುವ ವಿನಾಯಿತಿ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗಾಗಲಿ ಕಂಪನಿಗಾಗಲಿ ಅದಿಲ್ಲ. ಸಂಸ್ಥೆಯ ಹೆಸರಿನಲ್ಲಿ ಕೊಂಡ ಮನೆಯು ಪಾಲುದಾರರು ಬೇರೆಯಾಗುವಾಗ ತಂದಿಡುವ ತೊಡಕು ಬೇರೆಯೇ.

ಕೊಂಡ ಮೇಲೆ ಮಾಡಿಸಿದ ಹೆಚ್ಚುವರಿ ಕೋಣೆ, ಬೋರ್‌ವೆಲ್ಲು, ಹೊಸ ಚಾವಣಿ ಮೊದಲಾದ ಅಭಿವೃದ್ಧಿಯ ವೆಚ್ಚವನ್ನು ಮಾರಾಟದ ಲಾಭದಿಂದ ಕಳೆಯಲು ಅವಕಾಶವಿದೆ. ಆದರೆ ಬಿಲ್ಲು ಹಾಗೂ ಬ್ಯಾಂಕಿನ ಮೂಲಕ ಪಾವತಿಸಿದ ದಾಖಲೆ ಬೇಕು. ಕ್ರಯಪತ್ರವಿಟ್ಟ ಕಡತದಲ್ಲಿಯೇ ಅವುಗಳನ್ನೂ ಸೇರಿಸಿಟ್ಟರೆ, ಹತ್ತು ವರ್ಷದ ಮೇಲೆ ಲೆಕ್ಕಪರಿಶೋಧಕರು ಕೇಳಿದಾಗ ಗುತ್ತಿಗೆದಾರನನ್ನು ಹುಡುಕಿಕೊಂಡು ಅಲೆಯುವ ಪ್ರಮೇಯ ಬರುವುದಿಲ್ಲ.